ನೀರಿನ ವಿದ್ಯೆಗೆ ಪರದೇಶದ ದಾರಿ

ಪಿಯುಸಿ ಫಲಿತಾಂಶ ಹೊರಬಿದ್ದೊಡನೆ ನಮ್ಮ ಮನೆಗಳಲ್ಲಿ ಮಕ್ಕಳ ಮುಂದಿನ ವ್ಯಾಸಂಗದ ಮಾತು ಮೊದಲಾಗುತ್ತದೆ. ಹಿಂದೆ ಬೆಂಗಳೂರು, ಮಂಗಳೂರುಗಳಿಗೆ ನಿಲ್ಲುತ್ತಿದ್ದ ಆ ಮಾತು ಈಗ ಜರ್ಮನಿ, ಕೆನಡಾಗಳವರೆಗೂ ಸಾಗುತ್ತಿದೆ. ಪರಿಸರ ಇಂಜಿನಿಯರಿಂಗ್ ಕಲಿಯಲೆಂದು 18 ವರ್ಷದ ಮಗನನ್ನೋ ಮಗಳನ್ನೋ ಸಮುದ್ರದಾಚೆ ಕಳುಹಿಸಬಹುದೇ? ಅಂತರಘಟ್ಟೆಯ ಸುತ್ತಲಿನ ನೆಲವನ್ನು ಕಣ್ಣಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸುವುದು ಲೇಸೆಂದು ನಮಗೆ ತೋರುತ್ತದೆ.

ಅಂತರಘಟ್ಟೆಯ ದುರ್ಗಾಂಬಾ ಜಾತ್ರೆಗೆ ಜನ ಎತ್ತಿನ ಗಾಡಿ ಕಟ್ಟಿಕೊಂಡು ಸಾವಿರಗಟ್ಟಲೆ ಬಂದು ಸೇರುತ್ತಾರೆ. ಅಷ್ಟು ಮಂದಿಗೆ ಕುಡಿಯುವ ನೀರು, ಶೌಚದ ಏರ್ಪಾಡು, ಕಸದ ವಿಲೇವಾರಿ: ಇದೇ ಪರಿಸರ ಇಂಜಿನಿಯರಿಂಗಿನ ಮೊದಲ ಪಾಠ. ಒಂದೇ ಜಿಲ್ಲೆಯ ಪಶ್ಚಿಮಕ್ಕೆ ಮಲೆನಾಡಿನ ಜಡಿಮಳೆ. ಇತ್ತ ಕಡೂರು, ಅಜ್ಜಂಪುರಗಳ ಬಯಲಿನಲ್ಲಿ ವರ್ಷ ವರ್ಷಕ್ಕೂ ಆಳಕ್ಕಿಳಿಯುವ ಕೊಳವೆಬಾವಿ. ಭದ್ರಾ ಮೇಲ್ದಂಡೆ ಯೋಜನೆ ಅಜ್ಜಂಪುರದ ಸುರಂಗದ ಮೂಲಕ 29.90 ಟಿಎಂಸಿ ನೀರನ್ನು ಬರಪೀಡಿತ ತಾಲ್ಲೂಕುಗಳಿಗೆ ಹರಿಸಲು ರೂಪುಗೊಂಡಿತು. ಆದರೆ ನೀರು ತಂದ ಮಾತ್ರಕ್ಕೆ ಕೆಲಸ ಮುಗಿಯದು. ಅದನ್ನು ಶುದ್ಧವಾಗಿ ಉಳಿಸಬೇಕು, ಬಳಸಿದ ಮೇಲೆ ಮತ್ತೆ ಶುದ್ಧೀಕರಿಸಬೇಕು. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರಲ್ಲಿ ಕೋಲಾರದ ಕೆರೆಗಳಿಗೆ ಹರಿದಾಗ ಎದ್ದ ವಾದವೂ ಇದೇ: ಎರಡು ಹಂತದ ಶುದ್ಧೀಕರಣ ಸಾಕೇ, ಮೂರನೆಯದೂ ಬೇಕೇ? ಇಂಥ ಪ್ರಶ್ನೆಗೆ ಉತ್ತರಿಸಲು ರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ದ್ರವಚಲನೆಯ ಗಣಿತ ಮೂರೂ ಬಲ್ಲವರು ಬೇಕು.

ಈ ವಿದ್ಯೆಗೆ ಜರ್ಮನಿ ಹೆಸರಾದುದು. ಅಲ್ಲಿನ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲವೆಂಬುದು ನಿಜ. ಆದರೂ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಲ್ಲಿ ಯೂರೋಪ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕ ವಿಧಿಸತೊಡಗಿತು. ನಮ್ಮ ಪಿಯುಸಿಯೊಂದರಿಂದಲೇ ಅಲ್ಲಿ ನೇರ ಪ್ರವೇಶ ದೊರೆಯುವುದಿಲ್ಲ. ಜೆಇಇ ಅಡ್ವಾನ್ಸ್ಡ್ ತೇರ್ಗಡೆಯಾಗಿರಬೇಕು, ಇಲ್ಲವೇ ಇಲ್ಲಿ ಒಂದು ವರ್ಷ ಪದವಿ ವ್ಯಾಸಂಗ ಮುಗಿಸಿರಬೇಕು, ಅದೂ ಇಲ್ಲದಿದ್ದರೆ ಅಲ್ಲಿಯೇ ಪೂರ್ವಸಿದ್ಧತೆಯ ತರಗತಿ ಸೇರಬೇಕು. ಮೊದಲ ಪದವಿಯ ಪಾಠಗಳು ಹೆಚ್ಚಾಗಿ ಜರ್ಮನ್ ಭಾಷೆಯಲ್ಲಿರುತ್ತವೆ. ವೀಸಾಕ್ಕಾಗಿ ಒಂದು ವರ್ಷದ ಜೀವನವೆಚ್ಚವನ್ನು ಮುಂಗಡವಾಗಿ ಬ್ಯಾಂಕಿನಲ್ಲಿಟ್ಟು ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಆ ಮೊತ್ತ 11,904 ಯೂರೋಗೆ ಏರಿತು. ನಮ್ಮ ಲೆಕ್ಕದಲ್ಲಿ ಅದು 10 ಲಕ್ಷ ರೂಪಾಯಿಗೂ ಮಿಗಿಲು.

ಈ ಹಣ ಬರುವುದೆಲ್ಲಿಂದ? ಶಿಕ್ಷಣ ಸಾಲ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿ ದಾಟಿದರೆ ಬ್ಯಾಂಕು ಆಸ್ತಿಯ ಭದ್ರತೆ ಕೇಳುತ್ತದೆ. ಎಷ್ಟೋ ಮನೆಗಳಲ್ಲಿ ಆ ಆಸ್ತಿಯೆಂದರೆ ಇರುವ ನಾಲ್ಕು ಎಕರೆ ತೋಟ. ಕೊಳವೆಬಾವಿ ಬತ್ತಿದರೆ ಆ ತೋಟದ ಫಸಲೇ ಅನುಮಾನ, ಕಂತು ಮಾತ್ರ ನಿಲ್ಲುವುದಿಲ್ಲ. ನೀರಿನ ವಿದ್ಯೆಗಾಗಿ ನೀರಿಲ್ಲದ ನೆಲವನ್ನೇ ಅಡವಿಡುವ ಈ ವಿಪರ್ಯಾಸವನ್ನು ಹೆತ್ತವರೂ ಮಕ್ಕಳೂ ಒಟ್ಟಿಗೆ ಕುಳಿತು, ಕಾಗದದ ಮೇಲೆ ಬರೆದು, ತೂಗಿ ನೋಡಬೇಕು. ಮಧ್ಯವರ್ತಿಯ ಬಣ್ಣದ ಮಾತಿಗಿಂತ ವಿಶ್ವವಿದ್ಯಾಲಯದ ಪತ್ರವನ್ನೇ ನಂಬಬೇಕು. ಅಲ್ಪಸಂಖ್ಯಾತರಿಗಿರುವ ಸರ್ಕಾರಿ ನೆರವನ್ನು ಜಿಲ್ಲಾ ಕಚೇರಿಯಲ್ಲಿ ಮೊದಲೇ ವಿಚಾರಿಸಬೇಕು.

ನಮ್ಮ ಅಭಿಪ್ರಾಯ ಇಷ್ಟು: ಮೊದಲ ಪದವಿ ಇಲ್ಲಿಯೇ ಆಗಲಿ. ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಕಾಲೇಜು ಪರಿಸರ ಇಂಜಿನಿಯರಿಂಗನ್ನು ಕಲಿಸುತ್ತ ಬಂದಿದೆ; ಸಿವಿಲ್ ಓದಿದವರಿಗೂ ಈ ದಾರಿ ತೆರೆದಿದೆ. ಸ್ನಾತಕೋತ್ತರಕ್ಕೆ ಹೋಗುವಾಗ ವಯಸ್ಸು ಮಾಗಿರುತ್ತದೆ, ಅವಧಿ ಎರಡೇ ವರ್ಷ, ಇಂಗ್ಲಿಷಿನಲ್ಲಿ ಕಲಿಸುವ ಕೋರ್ಸುಗಳೂ ಹೆಚ್ಚು. ಪ್ರತಿಭೆಯೂ ವಿದ್ಯಾರ್ಥಿವೇತನವೂ ಕೂಡಿಬಂದ ಮಗುವನ್ನು ಮಾತ್ರ ಯಾರೂ ತಡೆಯಬೇಕಾಗಿಲ್ಲ.

2015ರ 'ಲೌದಾತೊ ಸಿ' ಪರಿಪತ್ರದಲ್ಲಿ ಪೋಪ್ ಫ್ರಾನ್ಸಿಸರು ಶುದ್ಧ ಕುಡಿಯುವ ನೀರು ಪ್ರತಿಯೊಬ್ಬನ ಮೂಲಭೂತ ಹಕ್ಕೆಂದು ಸಾರಿದರು. ಆ ಹಕ್ಕು ಬಯಲುಸೀಮೆಯ ಮನೆಬಾಗಿಲಿಗೆ ತಲುಪಬೇಕಾದರೆ, ಎಲ್ಲಿ ಓದಿದರೂ ಇಲ್ಲಿಯ ಬಾವಿಯ ಆಳವನ್ನು ಮರೆಯದ ಇಂಜಿನಿಯರುಗಳು ನಮ್ಮ ಮನೆಗಳಿಂದಲೇ ಹೊರಡಬೇಕು.