ಬಣ್ಣದ ಗಿಲಕಿಯೊಳಗೆ ಮೂರು ಶಾಸ್ತ್ರ

ಚನ್ನಪಟ್ಟಣದ ಅರಗಿನ ಗೊಂಬೆಯಲ್ಲಿ ವಸ್ತುವಿಜ್ಞಾನ, ಮನಶ್ಶಾಸ್ತ್ರ ಮತ್ತು ಮನುಷ್ಯ ಸಂಬಂಧಗಳ ಅಧ್ಯಯನ ಒಂದೆಡೆ ಸೇರುತ್ತವೆ. ಈ ಮೂರನ್ನೂ ಓದಿದವರು ಕುಶಲಕರ್ಮಿಯ ಪಕ್ಕ ಕೂರುವ ಕಾಲ ಬಂದಿದೆ.

ಹಲ್ಲು ಮೂಡುವ ಕೂಸಿನ ಕೈಗೆ ಏನು ಸಿಕ್ಕರೂ ಅದು ಮೊದಲು ಹೋಗುವುದು ಬಾಯಿಗೆ. ಕಚ್ಚುತ್ತದೆ, ಚೀಪುತ್ತದೆ, ನೆಲಕ್ಕೆ ಬಡಿಯುತ್ತದೆ, ಎಸೆಯುತ್ತದೆ. ಎಸೆದ ಮೇಲೆ ಅಮ್ಮ ಎತ್ತಿಕೊಡುತ್ತಾಳೋ ಇಲ್ಲವೋ ಎಂದು ಅವಳ ಮುಖ ನೋಡುತ್ತದೆ. ಅಷ್ಟರಲ್ಲೇ ಅದು ಮೂರು ಪರೀಕ್ಷೆ ಮುಗಿಸಿರುತ್ತದೆ. ಈ ವಸ್ತು ಎಂಥದ್ದು? ನಾನು ಹೀಗೆ ಮಾಡಿದರೆ ಏನಾಗುತ್ತದೆ? ನನ್ನ ಜೊತೆ ಯಾರಿದ್ದಾರೆ? ವಿಶ್ವವಿದ್ಯಾಲಯಗಳಲ್ಲಿ ಮೊದಲ ಪ್ರಶ್ನೆ ವಸ್ತುವಿಜ್ಞಾನಕ್ಕೆ ಸೇರುತ್ತದೆ, ಎರಡನೆಯದು ಮನಶ್ಶಾಸ್ತ್ರಕ್ಕೆ, ಮೂರನೆಯದು ಕುಟುಂಬ ಮತ್ತು ಸಂಬಂಧಗಳ ಅಧ್ಯಯನಕ್ಕೆ. ಮೂರಕ್ಕೂ ಬೇರೆ ಬೇರೆ ವಿಭಾಗ, ಬೇರೆ ಬೇರೆ ಕಟ್ಟಡ. ಮಗುವಿಗೆ ಆ ಗೋಡೆಗಳಿಲ್ಲ. ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವವರಿಗೂ ಇಲ್ಲ.

ಬೆಂಗಳೂರಿನಿಂದ ಮೈಸೂರು ದಾರಿಯಲ್ಲಿ ಸುಮಾರು 60 ಕಿಲೋಮೀಟರ್ ಸಾಗಿದರೆ, ರಾಮನಗರ ದಾಟಿದ ಮೇಲೆ ಬೊಂಬೆ ನಾಡು ಚನ್ನಪಟ್ಟಣ. ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿನವರಿಗೆ ಈ ವಿದ್ಯೆ ಕಲಿಸಿದನೆಂಬ ಮಾತು ಊರಲ್ಲೆಲ್ಲ ಪ್ರಚಲಿತ. 20ನೆಯ ಶತಮಾನದ ಆರಂಭದಲ್ಲಿ ಜಪಾನಿನ ತಂತ್ರಗಳನ್ನು ಇಲ್ಲಿನ ಕೆಲಸಕ್ಕೆ ಅಳವಡಿಸಿದ ಬಾವಾಸ್ ಮಿಯಾ ಅವರನ್ನು ಊರು ಈಗಲೂ ಈ ಕಲೆಯ ಪಿತಾಮಹ ಎಂದು ನೆನೆಯುತ್ತದೆ. ಚನ್ನಪಟ್ಟಣದ ಆಟಿಕೆಗೆ ಭೌಗೋಳಿಕ ಸೂಚಕದ ಮಾನ್ಯತೆಯಿದೆ. 2015ರ ಗಣರಾಜ್ಯೋತ್ಸವದಲ್ಲಿ ಕರ್ನಾಟಕದ ಸ್ತಬ್ಧಚಿತ್ರವಾಗಿ ದೆಹಲಿಯ ರಾಜಪಥದಲ್ಲಿ ಸಾಗಿದ್ದು ಇದೇ ಗೊಂಬೆಗಳು. ಇಷ್ಟು ಎಲ್ಲರಿಗೂ ಗೊತ್ತು. ಗೊಂಬೆಯೊಳಗೆ ಎಷ್ಟು ವಿಜ್ಞಾನ ಅಡಗಿದೆ ಎಂಬುದರ ಕಡೆಗೆ ನಮ್ಮ ಗಮನ ಹೋದದ್ದು ಕಡಿಮೆ.

ಆಲೆ ಮರ, ಅರಗು, ತಾಳೆಗರಿ

ಸಾಂಪ್ರದಾಯಿಕವಾಗಿ ಗೊಂಬೆಗೆ ಬಳಸುವುದು ಆಲೆ ಮರ. ಕಡಿದರೆ ಹಾಲು ಸುರಿಸುವ ಮರ ಇದು. ಕಾಷ್ಠ ಆನೆದಂತದ ಬಣ್ಣದ್ದು, ಎಳೆ ಸಣ್ಣ, ಹದವಾದ ಮೆದುತನ. ಸಿಬಿರು ಏಳುವುದು ಕಡಿಮೆಯಾದ್ದರಿಂದ ಮಗುವಿನ ಕೈಗೆ ಹೇಳಿ ಮಾಡಿಸಿದಂತಿದೆ. ಇದರ ಎಲೆಯಿಂದ ಹಿಂದೆ ನೀಲಿ ಬಣ್ಣವನ್ನೂ ತೆಗೆಯುತ್ತಿದ್ದರು. ಕಡಿದ ಮರದ ತೇವ ಆರಲು ತಿಂಗಳುಗಟ್ಟಲೆ ಕಾಯಬೇಕು. ಅವಸರಪಟ್ಟರೆ ಗೊಂಬೆ ಮಾರಾಟವಾದ ಮೇಲೆ ಒಳಗಿನ ತೇವ ಆರಿ ಮರ ಕುಗ್ಗುತ್ತದೆ, ಬಣ್ಣದ ಪದರ ಬಿರಿಯುತ್ತದೆ. ಆಲೆ ಮರ ಸಾಲದೆ ಬಂದಾಗ ರಬ್ಬರ್ ಮರ, ಸಿಲ್ವರ್ ಓಕ್‌ಗಳನ್ನೂ ಬಳಸುತ್ತಾರೆ. ಪ್ರತಿಯೊಂದಕ್ಕೂ ಉಳಿಯ ಕೋನ ಬೇರೆ, ಒತ್ತಡ ಬೇರೆ.

ಅರಗು ಬರುವುದು ಕೀಟದಿಂದ. ಮುತ್ತುಗ, ಬೋರೆ, ಕುಸುಮ ಮರಗಳ ಎಳೆಕೊಂಬೆಗಳಿಗೆ ಅಂಟಿಕೊಂಡು ರಸ ಹೀರುವ ಸಣ್ಣ ಕೀಟಗಳು ತಮ್ಮ ರಕ್ಷಣೆಗೆಂದು ಸುತ್ತ ಒಸರಿಸುವ ರಾಳವೇ ಅರಗು. ಇದರ ಬಹುಪಾಲು ಬೆಳೆ ಜಾರ್ಖಂಡ್ ಮತ್ತು ಅದರ ನೆರೆಯ ರಾಜ್ಯಗಳದ್ದು. ರಾಂಚಿಯ ನಾಮ್‌ಕುಮ್‌ನಲ್ಲಿ 1924ರಲ್ಲೇ ಅರಗಿಗಾಗಿ ಸಂಶೋಧನಾ ಸಂಸ್ಥೆ ಶುರುವಾಯಿತು. ರಸಾಯನಶಾಸ್ತ್ರದ ಲೆಕ್ಕದಲ್ಲಿ ಅರಗು ಒಂದು ನೈಸರ್ಗಿಕ ಪಾಲಿಯೆಸ್ಟರ್. ಸುಮಾರು 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ, ತಣಿದರೆ ಮತ್ತೆ ಗಟ್ಟಿ. ಆದರೆ ಹೆಚ್ಚು ಹೊತ್ತು ಕಾಯಿಸಿದರೆ ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು, ಆಮೇಲೆ ಎಷ್ಟು ಕಾಯಿಸಿದರೂ ಕರಗದ ಸ್ಥಿತಿಗೆ ಬರುತ್ತವೆ. ಅರಗಿಗೆ ಬಣ್ಣ ಸೇರಿಸಿ, ಕಾವಿನಲ್ಲಿ ಎಳೆದು ನಾದಿ ಕಡ್ಡಿ ಮಾಡುವವರು ಈ ಎರಡರ ನಡುವಿನ ಸಣ್ಣ ಅವಕಾಶದಲ್ಲೇ ಕೆಲಸ ಮುಗಿಸಬೇಕು. ಅವರ ಕೈಲಿ ಉಷ್ಣಮಾಪಕ ಇರುವುದಿಲ್ಲ. ಕಡ್ಡಿ ಎಳೆದಾಗ ಬರುವ ಹೊಳಪು, ಬೆರಳಿಗೆ ಸಿಗುವ ಬಿಗಿ, ಇವೇ ಅಳತೆ.

ಮುಂದಿನ ಕೆಲಸವನ್ನು ಹತ್ತಿರ ನಿಂತು ನೋಡಬೇಕು. ಲೇತ್‌ನಲ್ಲಿ ಮರದ ತುಂಡು ಗಿರ್ರನೆ ತಿರುಗುತ್ತಿರುತ್ತದೆ. ಉಳಿ ತಾಗಿದಲ್ಲಿ ಬಿಳಿ ಸುರುಳಿಗಳು ಹಾರುತ್ತವೆ, ಕೆಲವೇ ನಿಮಿಷಕ್ಕೆ ಬುಗುರಿಯ ಹೊಟ್ಟೆ ಕಾಣಿಸುತ್ತದೆ. ಉಪ್ಪುಕಾಗದ ಹಿಡಿದು ನಯ ಮಾಡಿದ ಮೇಲೆ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತಾರೆ. ಬೆಂಕಿ ಇಲ್ಲ, ಕುಂಚ ಇಲ್ಲ, ದ್ರಾವಕವೂ ಇಲ್ಲ. ಉಜ್ಜಿದ ಬಿಸಿಗೆ ಕಡ್ಡಿಯ ತುದಿ ಕರಗಿ ಮರದ ಮೇಲೆ ಪಟ್ಟೆ ಪಟ್ಟೆಯಾಗಿ ಹತ್ತುತ್ತದೆ. ಆಗ ಬರುವುದು ತಾಳೆಗರಿ, ಅಂದರೆ ಕೇದಗೆಯ ಒಣಗರಿ. ಅದನ್ನು ಮಡಿಸಿ ಒತ್ತಿ ಹಿಡಿದರೆ ಪಟ್ಟೆಗಳೆಲ್ಲ ಕರಗಿ ಒಂದಾಗಿ, ಮಂಕಾಗಿದ್ದ ಬಣ್ಣ ಕಣ್ಣೆದುರೇ ಹೊಳೆಯತೊಡಗುತ್ತದೆ. ಒತ್ತಡ ಹೆಚ್ಚಾದರೆ ಅರಗು ಸುಡುತ್ತದೆ, ಕಡಿಮೆಯಾದರೆ ಹರಡುವುದಿಲ್ಲ. ಮುಗಿದ ಲೇಪದಲ್ಲಿ ಆವಿಯಾಗಿ ಹೋಗಬೇಕಾದ ರಾಸಾಯನಿಕ ಏನೂ ಉಳಿದಿರುವುದಿಲ್ಲ. ಔಷಧದ ಮಾತ್ರೆಗೂ ಮಿಠಾಯಿಗೂ ಹೊಳಪು ಕೊಡಲು ಬಳಸುವುದು ಶುದ್ಧಗೊಳಿಸಿದ ಇದೇ ಅರಗನ್ನು. ಮಗು ಬಾಯಿಗಿಡುವ ವಸ್ತುವಿಗೆ ಇದಕ್ಕಿಂತ ಒಳ್ಳೆಯ ಲೇಪ ಹುಡುಕುವುದು ಕಷ್ಟ.

ಬಣ್ಣದಿಂದ ಮಿದುಳಿಗೆ

ಅರಗು ನಿರುಪದ್ರವಿ ನಿಜ. ಅದರೊಳಗೆ ಬೆರೆಸುವ ಬಣ್ಣ ಯಾವುದೆಂಬುದು ಬೇರೆಯದೇ ಪ್ರಶ್ನೆ. ವಸ್ತುವಿನ ಆಯ್ಕೆ ನೇರವಾಗಿ ಮನಸ್ಸನ್ನು ಮುಟ್ಟುವುದು ಇಲ್ಲೇ. 1979ರಲ್ಲಿ ಅಮೆರಿಕದ ವೈದ್ಯ ಹರ್ಬರ್ಟ್ ನೀಡಲ್‌ಮನ್ ಮತ್ತು ಸಂಗಡಿಗರು ಬಾಸ್ಟನ್ ಬಳಿಯ ಶಾಲಾಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಸಂಗ್ರಹಿಸಿ ಅವುಗಳಲ್ಲಿನ ಸೀಸವನ್ನು ಅಳೆದರು. ಕಾಯಿಲೆಯ ಯಾವ ಲಕ್ಷಣವೂ ಕಾಣದ ಮಕ್ಕಳಲ್ಲೂ, ಹಲ್ಲಿನಲ್ಲಿ ಸೀಸ ಹೆಚ್ಚಿದ್ದವರ ಬುದ್ಧಿಮತ್ತೆಯ ಅಂಕ ಕಡಿಮೆಯಿತ್ತು, ತರಗತಿಯಲ್ಲಿ ಗಮನ ಚದುರುತ್ತಿತ್ತು. ನಮ್ಮಲ್ಲಿ ಈ ಎಚ್ಚರ ಮೂಡಿಸಿದವರು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನಶಾಸ್ತ್ರಜ್ಞ ತುಪ್ಪಿಲ್ ವೆಂಕಟೇಶ್. 1990ರ ದಶಕದ ಕೊನೆಯಲ್ಲಿ ಜಾರ್ಜ್ ಫೌಂಡೇಶನ್ ಎಂಬ ಸಂಸ್ಥೆ ದೇಶದ ಹಲವು ನಗರಗಳಲ್ಲಿ ರಕ್ತಪರೀಕ್ಷೆ ನಡೆಸಿದಾಗ, ಪರೀಕ್ಷೆಗೊಳಗಾದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಸೀಸ ಅಂದಿನ ಮಿತಿಯನ್ನು ಮೀರಿತ್ತು. 2007ರಲ್ಲಿ ಮ್ಯಾಟೆಲ್ ಕಂಪನಿ ಸೀಸದ ಬಣ್ಣದ ಕಾರಣಕ್ಕೆ ಲಕ್ಷಾಂತರ ಆಟಿಕೆಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದಾಗ ಜಗತ್ತಿನ ಅಪ್ಪ ಅಮ್ಮಂದಿರೆಲ್ಲ ಬೆಚ್ಚಿದರು.

ಚನ್ನಪಟ್ಟಣದಲ್ಲಿ ಹಲವರು ಸಸ್ಯಜನ್ಯ ಬಣ್ಣಗಳಿಗೆ ಮರಳಿರುವುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಹಳದಿಗೆ ಅರಿಶಿನ, ನೀಲಿಗೆ ನೀಲಿಗಿಡ, ಎರಡೂ ಸೇರಿದರೆ ಹಸಿರು, ಕಂದಿಗೆ ಕಾಚು. ಆದರೆ ಅರಿಶಿನದ ಬಣ್ಣಕ್ಕೆ ಬಿಸಿಲು ಆಗದು, ಬೆಳಕು ಬಿದ್ದಷ್ಟೂ ಮಾಸುತ್ತದೆ. ಅಂಗಡಿಯ ಗಾಜಿನ ಹಿಂದೆ ತಿಂಗಳುಗಟ್ಟಲೆ ಕೂತ ಹಳದಿ ಆನೆ ಪೇಲವವಾದರೆ ಗಿರಾಕಿ ಮುಟ್ಟುವುದಿಲ್ಲ, ನಷ್ಟ ಮಾಡಿದವನದ್ದು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ನೋಂದಾಯಿತ ಕುಶಲಕರ್ಮಿಗಳಿಗೆ ವಿನಾಯಿತಿ ಸಿಕ್ಕಿತು. ಆ ವಿನಾಯಿತಿ ಬಡ ಕಸುಬುದಾರನನ್ನು ಉಳಿಸಿದೆ, ಅದು ಬೇಕು. ಅದರ ಜೊತೆಗೆ ತನ್ನ ಬಣ್ಣ ಶುದ್ಧ ಎಂದು ತೋರಿಸಿಕೊಳ್ಳುವ ಅಗ್ಗದ, ಹತ್ತಿರದ ಪರೀಕ್ಷೆಯ ಸೌಲಭ್ಯವೂ ಅವನಿಗೆ ಬೇಕು.

ಗೊಂಬೆಯ ಆಚೆ ಬದಿಯಲ್ಲಿ ಅಮ್ಮ

ವಸ್ತುವಿನ ಸ್ಪರ್ಶಕ್ಕೂ ಪ್ರೀತಿಗೂ ನಂಟಿದೆಯೇ? 1958ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹ್ಯಾರಿ ಹಾರ್ಲೋ ತಾಯಿಯಿಂದ ಅಗಲಿಸಿದ ಕೋತಿಮರಿಗಳ ಮುಂದೆ ಎರಡು ಗೊಂಬೆ ತಾಯಂದಿರನ್ನಿಟ್ಟ. ಒಂದು ತಂತಿಯದು, ಇನ್ನೊಂದಕ್ಕೆ ಮೆತ್ತನೆಯ ಬಟ್ಟೆಯ ಹೊದಿಕೆ. ಹಾಲು ತಂತಿಯ ತಾಯಿಯಲ್ಲಿದ್ದರೂ ಮರಿಗಳು ದಿನದ ಬಹುಪಾಲು ಅಪ್ಪಿಕೊಂಡಿದ್ದದ್ದು ಬಟ್ಟೆಯ ತಾಯಿಯನ್ನು. ಇಂದು ಯಾರೂ ಒಪ್ಪದ ಕ್ರೂರ ಪ್ರಯೋಗ ಅದು. ಆದರೂ ಹೊಟ್ಟೆ ತುಂಬಿಸಿದರೆ ಸಾಕು ಎಂದು ನಂಬಿದ್ದ ಅಂದಿನ ಮನಶ್ಶಾಸ್ತ್ರವನ್ನು ಅದು ಬುಡಮೇಲು ಮಾಡಿತು.

ಜಪಾನಿನ ಚಿಬಾ ವಿಶ್ವವಿದ್ಯಾಲಯದ ಸಂಶೋಧಕರು ಮರದ ಸ್ಪರ್ಶವನ್ನೇ ಅಳೆದಿದ್ದಾರೆ. 2017ರ ಅವರ ಪ್ರಯೋಗದಲ್ಲಿ ವಿದ್ಯಾರ್ಥಿನಿಯರು ಓಕ್ ಮರ, ಅಮೃತಶಿಲೆ, ಟೈಲ್ಸ್, ಸ್ಟೀಲ್‌ಗಳ ಮೇಲೆ ಅಂಗೈ ಇಟ್ಟರು. ಮರ ಮುಟ್ಟಿದಾಗ ಮಿದುಳಿನ ಮುಂಭಾಗದ ಚಟುವಟಿಕೆ ತಗ್ಗಿ ದೇಹ ನಿರಾಳಗೊಂಡಿತು. ಸ್ಟೇನ್‌ಲೆಸ್ ಸ್ಟೀಲ್ ಮರಕ್ಕಿಂತ ಸುಮಾರು ನೂರು ಪಟ್ಟು ವೇಗವಾಗಿ ಶಾಖ ಸಾಗಿಸುತ್ತದೆ. ಅದಕ್ಕೇ ಸ್ಟೀಲು ಕೈಯ ಬಿಸಿಯನ್ನು ಕಸಿಯುತ್ತದೆ, ಮರ ಉಳಿಸಿಕೊಡುತ್ತದೆ. ಬೆಳಗಿನ ಚಳಿಯಲ್ಲಿ ಮರದ ಗಿಲಕಿಯನ್ನು ಮಗು ಮುಖ ಸಿಂಡರಿಸದೆ ಹಿಡಿಯಲು ಇದೂ ಒಂದು ಕಾರಣ.

ಇಡೀ ವಿಷಯದಲ್ಲಿ ನನಗೆ ಅತಿ ಮುಖ್ಯವೆನಿಸಿದ ಅಧ್ಯಯನ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯದ ಆನಾ ಸೋಸಾ ಅವರದ್ದು. 10ರಿಂದ 16 ತಿಂಗಳ ಕೂಸುಗಳಿದ್ದ 26 ಮನೆಗಳಿಗೆ ಅವರು ಮೂರು ಬಗೆಯ ಆಟದ ಸಾಮಾನು ಕೊಟ್ಟು, ಆಟದ ಹೊತ್ತಿನ ಮಾತುಗಳನ್ನು ಧ್ವನಿಮುದ್ರಿಸಿಕೊಂಡರು. ಬಟನ್ ಒತ್ತಿದರೆ ಹಾಡುವ, ಮಾತಾಡುವ ಆಟಿಕೆಯೊಂದಿಗೆ ಅಪ್ಪ ಅಮ್ಮಂದಿರ ಬಾಯಿಂದ ನಿಮಿಷಕ್ಕೆ ಸರಾಸರಿ 40 ಪದ ಬಂದವು. ಮರದ ಜೋಡಣೆ, ಬ್ಲಾಕ್‌ಗಳಂಥ ಸಾದಾ ಆಟಿಕೆಯೊಂದಿಗೆ 56. ಪುಸ್ತಕದೊಂದಿಗೆ 67. ಆಟಿಕೆ ತಾನೇ ಮಾತಾಡತೊಡಗಿದರೆ ಮನೆಯವರು ಸುಮ್ಮನಾಗುತ್ತಾರೆ, ಕೂಸೂ ತೊದಲುವುದನ್ನು ಕಡಿಮೆ ಮಾಡುತ್ತದೆ.

ಚನ್ನಪಟ್ಟಣದ ಬುಗುರಿ ತಾನಾಗಿ ತಿರುಗುವುದಿಲ್ಲ. ಯಾರಾದರೂ ಎರಡು ಬೆರಳಲ್ಲಿ ಹಿಡಿದು ತಿರುವಿ ತೋರಿಸಬೇಕು. ಬಣ್ಣದ ಉಂಗುರಗಳನ್ನು ಗೂಟಕ್ಕೆ ಪೋಣಿಸುವ ಆಟದಲ್ಲಿ ‘ಇದು ದೊಡ್ಡದು, ಇದು ಚಿಕ್ಕದು, ಈಗ ಕೆಂಪು ಹಾಕು ಪುಟ್ಟಾ’ ಎಂದು ಹೇಳಲು ಅಜ್ಜಿಯೋ ಅಣ್ಣನೋ ಬೇಕು. ಗೊಂಬೆಗೆ ಮಾತಿಲ್ಲದ್ದರಿಂದ ಆ ಜಾಗವನ್ನು ಮನೆಯವರು ತುಂಬುತ್ತಾರೆ. ನಮ್ಮ ಹಿರಿಯರು ಗೊಂಬೆಯನ್ನು ಸಂಬಂಧದ ನಡುವೆಯೇ ಇಟ್ಟಿದ್ದರು. ಹಳೆ ಮೈಸೂರಿನ ಕಡೆ ಮದುವೆಯಲ್ಲಿ ಮಗಳಿಗೆ ಪಟ್ಟದ ಗೊಂಬೆ ಕೊಟ್ಟು ಕಳಿಸುವ ಪದ್ಧತಿಯಿದೆ. ತವರಿನ ಆ ಗೊಂಬೆಗಳು ಗಂಡನ ಮನೆಯ ದಸರಾ ಮೆಟ್ಟಿಲೇರಿ, ಮುಂದೆ ಅವಳ ಮಕ್ಕಳ ಕೈಗೆ ದಾಟುತ್ತವೆ.

ಜಕ್ಕಸಂದ್ರದಿಂದ ಚನ್ನಪಟ್ಟಣಕ್ಕೆ

ಈ ಶಾಸ್ತ್ರಗಳನ್ನು ಬಲ್ಲವರು ದೂರವೇನಿಲ್ಲ. ಇದೇ ಸೀಮೆಯ ಜಕ್ಕಸಂದ್ರದಲ್ಲಿ ಜೈನ್ ವಿಶ್ವವಿದ್ಯಾಲಯದ ಕ್ಯಾಂಪಸ್ ಇದೆ. ಅಲ್ಲಿನ ನ್ಯಾನೊ ಮತ್ತು ವಸ್ತುವಿಜ್ಞಾನ ಕೇಂದ್ರದ ವಿಳಾಸ ಹೊತ್ತ ಸಂಶೋಧನಾ ಲೇಖನಗಳು ಜಗತ್ತಿನ ನಿಯತಕಾಲಿಕಗಳಲ್ಲಿ ಪ್ರಕಟವಾಗುತ್ತವೆ. ಹಾರೋಹಳ್ಳಿಯಲ್ಲಿ ದಯಾನಂದ ಸಾಗರ್ ವಿಶ್ವವಿದ್ಯಾಲಯವಿದೆ. ಮಕ್ಕಳ ಮನಸ್ಸನ್ನು ಬಲ್ಲ ನಿಮ್ಹಾನ್ಸ್ ಬೆಂಗಳೂರಿನಲ್ಲೇ ಇದೆ. ಇವರಿಗೆಲ್ಲ ಚನ್ನಪಟ್ಟಣ ಒಂದೆರಡು ಗಂಟೆಯ ದಾರಿ.

ಕೇಳಬೇಕಾದ ಪ್ರಶ್ನೆಗಳೂ ಎದುರಿಗೇ ಇವೆ. ಅರಿಶಿನದ ಹಳದಿ ಅರಗಿನೊಳಗೆ ಬೆಳಕಿಗೆ ಮಾಸದಂತೆ ಹೇಗೆ ಉಳಿಸುವುದು? ದಪ್ಪ ಲೇಪ ಬಳಿದ ಮರ ಮುಟ್ಟಿದಾಗ ಬರಿಯ ಮರದಷ್ಟು ನಿರಾಳತೆ ಸಿಗಲಿಲ್ಲ ಎನ್ನುತ್ತದೆ ಚಿಬಾದ ಇನ್ನೊಂದು ಪ್ರಯೋಗ. ಹಾಗಾದರೆ ಅರಗಿನ ತೆಳು ಪದರ ಯಾವ ಕಡೆಗೆ ಸೇರುತ್ತದೆ? ಗೊಂಬೆಯ ಒಂದು ಭಾಗವನ್ನು ಬಣ್ಣವಿಲ್ಲದೆ ಬಿಟ್ಟರೆ ಮಗುವಿನ ಕೈ ಹೆಚ್ಚು ಹೋಗುವುದು ಯಾವ ಕಡೆಗೆ? ಕನ್ನಡದ ಮನೆಗಳಲ್ಲಿ, ಅಜ್ಜ ಅಜ್ಜಿಯೂ ಮೊಬೈಲೂ ಒಟ್ಟಿಗಿರುವ ಮನೆಗಳಲ್ಲಿ, ಮರದ ಆಟಿಕೆಯೊಂದಿಗೆ ಎಷ್ಟು ಮಾತು ಹುಟ್ಟುತ್ತದೆ? ಒಂದೇ ವಿಭಾಗ ಇವುಗಳಿಗೆ ಉತ್ತರಿಸಲಾರದು. ಪದರದ ದಪ್ಪ ಅಳೆಯುವವರು, ಮಗುವಿನ ಕಣ್ಣು ಗಮನಿಸುವವರು, ಮನೆಯ ಮಾತು ದಾಖಲಿಸುವವರು ಒಟ್ಟಿಗೆ ಬರಬೇಕು. ತಾಳೆಗರಿಯನ್ನು ಎಷ್ಟು ಒತ್ತಿದರೆ ಪದರ ಎಷ್ಟು ತೆಳುವಾದೀತೆಂದು ಕೈಯಲ್ಲೇ ಬಲ್ಲವರು ಅವರ ನಡುವೆ ಸಮಾನರಾಗಿ ಕೂರಬೇಕು. ಅವರನ್ನು ಮಾಹಿತಿ ಕೊಡುವವರೆಂದಷ್ಟೇ ಬಗೆದರೆ ತಪ್ಪಾಗುತ್ತದೆ. ಸಂಶೋಧನಾ ಲೇಖನದಲ್ಲಿ ಅವರ ಹೆಸರು ಬರಲಿ, ಫಲ ಸಿಕ್ಕರೆ ಅದರಲ್ಲಿ ಅವರಿಗೆ ಪಾಲು ಸಿಗಲಿ.

ಕೊಳ್ಳುವವರಿಗೂ ಮಾಡಲು ಕೆಲಸವಿದೆ. ಚನ್ನಪಟ್ಟಣಕ್ಕೆ ಹೋದರೆ ಹೆದ್ದಾರಿಯ ಅಂಗಡಿಯಲ್ಲೇ ನಿಲ್ಲದೆ ಕುಶಲಕರ್ಮಿಗಳಿರುವ ಕಲಾನಗರದ ಕಡೆ ನಡೆದು ಕೆಲಸ ನೋಡಿ. ಬಣ್ಣ ಯಾವುದೆಂದು ಕೇಳಿ. ಒಳ್ಳೆಯ ಬಣ್ಣ ಬಳಸಿದವರು ಖುಷಿಯಿಂದ ಹೇಳುತ್ತಾರೆ, ನಾಲ್ಕು ಕಾಸು ಹೆಚ್ಚು ಕೇಳಿದರೆ ಅದು ನ್ಯಾಯ. ಅಂಚು ನಯವಾಗಿದೆಯೇ, ಕೂಸಿನ ಗಂಟಲಿಗೆ ಹೋಗುವಂಥ ಸಣ್ಣ ಭಾಗ ಕಳಚುತ್ತದೆಯೇ ಎಂದು ಎಳೆದು ನೋಡಿ. ರಾಶಿ ಕೊಳ್ಳುವುದು ಬೇಡ. ಅಮೆರಿಕದ ಟೊಲಿಡೊ ವಿಶ್ವವಿದ್ಯಾಲಯದವರು 36 ಪುಟಾಣಿಗಳ ಮುಂದೆ ಒಮ್ಮೆ 16, ಇನ್ನೊಮ್ಮೆ ನಾಲ್ಕೇ ಆಟಿಕೆ ಇಟ್ಟು ನೋಡಿದಾಗ, ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. ಮೂರೋ ನಾಲ್ಕೋ ಕೊಂಡು, ಮಗುವಿನ ಎದುರು ನೆಲದ ಮೇಲೆ ಕೂತು ಮಾತಾಡುತ್ತಾ ಆಡಿಸಿ. ಮರ, ಅರಗು, ಬಣ್ಣ, ಕೈಕೆಲಸದ ಹೊಣೆಯನ್ನು ಚನ್ನಪಟ್ಟಣದವರು ಹೊತ್ತಿದ್ದಾರೆ. ಮಾತಿನ ಹೊಣೆ ಮನೆಯವರದ್ದು.