ಕಣ್ಣಿಂದಲೇ ಮುಟ್ಟುವ ಪಾಠ

ರೋಬೋಟ್ ಶಸ್ತ್ರಚಿಕಿತ್ಸೆ ಎಂದರೆ ಯಂತ್ರವೇ ಆಪರೇಷನ್ ಮಾಡುತ್ತದೆ ಎಂದುಕೊಂಡವರು ಬಹಳ ಮಂದಿ. ಯಂತ್ರ ತಾನಾಗಿ ಒಂದು ಹೊಲಿಗೆಯನ್ನೂ ಹಾಕುವುದಿಲ್ಲ. ಕೆಲವು ಅಡಿ ದೂರದ ಕನ್ಸೋಲ್‌ನಲ್ಲಿ ಕುಳಿತ ಸರ್ಜನ್ನರ ಬೆರಳು ಆಡಿದಂತೆ ರೋಗಿಯ ದೇಹದೊಳಗಿನ ಪುಟ್ಟ ಉಪಕರಣಗಳು ಆಡುತ್ತವೆ.

ಅಮೆರಿಕದ ಔಷಧ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2000ದಲ್ಲಿ ಒಪ್ಪಿಗೆ ಕೊಟ್ಟ ‘ಡಾ ವಿಂಚಿ’ ಯಂತ್ರ ಒಳಗಿನ ದೃಶ್ಯವನ್ನು ಸುಮಾರು 10 ಪಟ್ಟು ಹಿಗ್ಗಿಸಿ ತೋರಿಸುತ್ತದೆ, ಕೈನಡುಕವನ್ನು ಸೋಸುತ್ತದೆ. ಆದರೆ ಸ್ಪರ್ಶವನ್ನು ಕಸಿದುಕೊಂಡಿತು. 2024ರಲ್ಲಿ ಬಂದ ‘ಡಾ ವಿಂಚಿ 5’ರವರೆಗೆ, ದಾರ ಎಷ್ಟು ಬಿಗಿಯಾಯಿತು ಎಂಬುದು ಕೈಗೆ ತಿಳಿಯುತ್ತಿರಲಿಲ್ಲ. ಅಂಗಾಂಶ ಬಿಳಿಚಿಕೊಳ್ಳುವುದನ್ನು ನೋಡಿಯೇ ಅಳೆಯಬೇಕಿತ್ತು. ನುರಿತ ಸರ್ಜನ್ನರೂ ಇಲ್ಲಿ ಮೊದಲಿನಿಂದ ಕಲಿಯಬೇಕಾಗುವುದು ಇದಕ್ಕೇ.

ಕಲಿಕೆ ಸಿಮ್ಯುಲೇಟರ್‌ನಿಂದ ಶುರು. ಬಳೆ ದಾಟಿಸುವುದು, ಸೂಜಿ ತೂರಿಸುವುದು, ಗಂಟು ಹಾಕುವುದು. ಉಪಕರಣಗಳು ಡಿಕ್ಕಿ ಹೊಡೆದರೆ, ಬಲ ಹೆಚ್ಚಾದರೆ, ತುದಿ ಕ್ಯಾಮೆರಾದ ಕಣ್ಣು ತಪ್ಪಿಸಿದರೆ ಅಂಕ ಇಳಿಯುತ್ತದೆ. ರಿಚರ್ಡ್ ಸಟಾವ, ರೋಜರ್ ಸ್ಮಿತ್, ವಿಪುಲ್ ಪಟೇಲ್ ಮುಂದಾಳತ್ವದಲ್ಲಿ ಅಮೆರಿಕದಲ್ಲಿ ರೂಪುಗೊಂಡ ‘ಫಂಡಮೆಂಟಲ್ಸ್ ಆಫ್ ರೋಬೋಟಿಕ್ ಸರ್ಜರಿ’ ಪಠ್ಯಕ್ರಮ ಇಂಥ 7 ಕೌಶಲ ಪರೀಕ್ಷೆಗಳನ್ನು ಒಂದೇ ಗುಮ್ಮಟದಾಕಾರದ ಮಾದರಿಯ ಮೇಲೆ ಜೋಡಿಸಿದೆ.

ಆಮೇಲಿನ ಪಾಠ ರೋಗಿಯ ಪಕ್ಕದಲ್ಲಿ. ಯಂತ್ರದ ತೋಳುಗಳನ್ನು ಜೋಡಿಸುವುದು, ಉಪಕರಣ ಬದಲಿಸುವುದು, ರಕ್ತಸ್ರಾವ ಹಿಡಿತಕ್ಕೆ ಸಿಗದಿದ್ದರೆ ತಕ್ಷಣ ತೋಳುಗಳನ್ನು ಬಿಡಿಸಿ ತೆರೆದ ಶಸ್ತ್ರಚಿಕಿತ್ಸೆಗೆ ದಾರಿ ಮಾಡುವುದು. ಈ ತುರ್ತಿನ ಕೆಲಸವನ್ನು ಇಡೀ ತಂಡ ಮೊದಲೇ ಅಭ್ಯಾಸ ಮಾಡಿರಬೇಕು.

ಕೊನೆಗೆ ಜೋಡಿ ಕನ್ಸೋಲ್. ಡ್ರೈವಿಂಗ್ ಸ್ಕೂಲ್ ಕಾರಿನ ಎರಡನೇ ಬ್ರೇಕಿನಂತೆ, ಹಿರಿಯರು ಬೇಕೆಂದಾಗ ಹಿಡಿತ ವಾಪಸ್ ಪಡೆಯುತ್ತಾರೆ. ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯಲ್ಲಿ ಮೂತ್ರಕೋಶ ಬಿಡಿಸುವ ಸುಲಭದ ಹಂತ ಮೊದಲು ಶಿಷ್ಯರಿಗೆ ಸಿಗುತ್ತದೆ. ನರ ಉಳಿಸುವ ನಾಜೂಕಿನ ಹಂತಕ್ಕೆ ಕಾಯಬೇಕು.

ಪುದುಚೇರಿಯ ಜಿಪ್ಮರ್‌ನಲ್ಲಿ ಓದಿದ ಡಾ. ಮಣಿ ಮೆನನ್ ಡೆಟ್ರಾಯಿಟ್‌ನ ಹೆನ್ರಿ ಫೋರ್ಡ್ ಆಸ್ಪತ್ರೆಯಲ್ಲಿ ಈ ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಗೆ ಕ್ರಮಬದ್ಧ ರೂಪ ಕೊಟ್ಟರು. ಆ ಕೆಲಸಕ್ಕೆ ನೆರವಾದ ರಾಜ್ ವಟ್ಟಿಕುಟಿ ಅವರ ಪ್ರತಿಷ್ಠಾನ ಭಾರತದಲ್ಲೂ ಯುವ ಸರ್ಜನ್ನರಿಗೆ ಫೆಲೋಶಿಪ್ ಕೊಡುತ್ತಿದೆ.

ಇಂಥ ತರಬೇತಿ ಇನ್ನಷ್ಟು ಬೆಳೆಯಬೇಕು. ಆಸ್ಪತ್ರೆಗಳ ಜಾಹೀರಾತಿನಲ್ಲಿ ಯಂತ್ರದ ಚಿತ್ರ ದೊಡ್ಡದಾಗಿರುತ್ತದೆ, ಅದನ್ನು ನಡೆಸುವವರ ಕಲಿಕೆಯ ಮಾತೇ ಇರುವುದಿಲ್ಲ. ‘ಡಾಕ್ಟ್ರೇ, ಇದನ್ನು ಎಲ್ಲಿ ಕಲಿತಿರಿ, ಇಂಥ ಎಷ್ಟು ಆಪರೇಷನ್ ಮಾಡಿದ್ದೀರಿ?’ ಎಂದು ಕೇಳುವುದು ಅಗೌರವವಲ್ಲ, ರೋಗಿಯ ಹಕ್ಕು. ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಬಂದ ಸರ್ಜನ್ ಅದಕ್ಕೆ ಸಂತೋಷದಿಂದಲೇ ಉತ್ತರಿಸುತ್ತಾರೆ.