ಕಥೆಯೊಳಗಿನ ಶೋಧಕರು ಮತ್ತು ಅವರ ಸಂಪತ್ತು

ಹೊಸ ಯಂತ್ರವೊಂದನ್ನು ಕಂಡುಹಿಡಿದು ಅದರಿಂದ ಅಪಾರ ಐಶ್ವರ್ಯ ಗಳಿಸಿದ ಬುದ್ಧಿವಂತನ ಕಥೆ ಎಲ್ಲ ದೇಶದವರಿಗೂ ಪ್ರಿಯವಾದುದು. ರಾಕ್ಷಸನನ್ನು ಗೆದ್ದು ಅರ್ಧ ರಾಜ್ಯ ಪಡೆದ ಬಡ ಹುಡುಗನ ಅಜ್ಜಿಕಥೆಯೇ ಇಲ್ಲಿ ವೇಷ ಬದಲಿಸಿಕೊಂಡು ಬಂದಿದೆ. ಅವನ ಕೈಯಲ್ಲಿ ಈಗ ಕತ್ತಿಯಿಲ್ಲ, ಸುತ್ತಿಗೆ ಇಕ್ಕಳಗಳಿವೆ. ನಮ್ಮ ಶಾಲೆಯ ಇಂದಿನ ಮಕ್ಕಳನ್ನು ಮಹಾ ಬುದ್ಧಿವಂತನಾದ ಶೋಧಕ ಯಾರೆಂದು ಕೇಳಿ ನೋಡಿ, ‘ಐರನ್ ಮ್ಯಾನ್’ ಚಿತ್ರದ ಟೋನಿ ಸ್ಟಾರ್ಕನ ಹೆಸರನ್ನು ಹೇಳುವವರು ಹಲವರಿರುತ್ತಾರೆ. ಇದಕ್ಕಾಗಿ ಮಕ್ಕಳನ್ನು ಗದರಿಸಬೇಕಾಗಿಲ್ಲ. ಆದರೆ ಇಂತಹ ಕಥೆಗಳನ್ನು ಓದುವಾಗ, ನೋಡುವಾಗ, ಹಣ ಯಾವ ದಾರಿಯಿಂದ ಬಂದಿತೆಂಬುದನ್ನು ಗಮನಿಸುವವರು ಕಡಿಮೆ. ಮಗ್ಗ, ಗಿರಣಿ, ಯಂತ್ರದುರಸ್ತಿ ಅಂಗಡಿಗಳ ನಡುವೆ ಬೆಳೆದ ಸೊಲ್ಲಾಪುರದ ಕನ್ನಡ ಮಕ್ಕಳಿಗೆ ಈ ಪ್ರಶ್ನೆ ಕೇವಲ ಸಾಹಿತ್ಯದ ಪ್ರಶ್ನೆಯಲ್ಲವೆಂದು ನಾನು ತಿಳಿದಿರುವುದರಿಂದ, ಈ ಸ್ಮರಣ ಸಂಚಿಕೆಯ ಕೆಲವು ಪುಟಗಳನ್ನು ಅದಕ್ಕಾಗಿ ಬಳಸಿಕೊಳ್ಳುತ್ತಿದ್ದೇನೆ.

ಸ್ಟಾರ್ಕನನ್ನೇ ಮೊದಲು ನೋಡೋಣ. ಅಮೆರಿಕದ ಚಿತ್ರಕಥಾ ಪತ್ರಿಕೆಯಲ್ಲಿ ಆತ ಹುಟ್ಟಿದ್ದು 1963ರಲ್ಲಿ. ಬೆಳ್ಳಿತೆರೆಯ ‘ಐರನ್ ಮ್ಯಾನ್’ ಬಂದದ್ದು 2008ರಲ್ಲಿ. ಶತ್ರುಗಳ ಗುಹೆಯಲ್ಲಿ ಸೆರೆಯಾಗಿದ್ದು, ಕೈಗೆ ಸಿಕ್ಕ ಲೋಹದ ತುಣುಕುಗಳಿಂದ ಆತ ಉಕ್ಕಿನ ಕವಚ ಕಟ್ಟಿಕೊಳ್ಳುವ ದೃಶ್ಯ ಎಲ್ಲರ ನೆನಪಿನಲ್ಲಿದೆ. ಗುಹೆಯಿಂದ ಹೊರಬಂದಾಗ ತಂದೆಯಿಂದ ಬಂದ ಶಸ್ತ್ರಾಸ್ತ್ರಗಳ ದೊಡ್ಡ ಕಂಪನಿಯೊಂದು ಅವನಿಗಾಗಿ ಕಾದಿತ್ತೆಂಬುದು ಮಾತ್ರ ಯಾರ ನೆನಪಿನಲ್ಲಿಯೂ ಉಳಿಯುವುದಿಲ್ಲ. ಕವಚದಿಂದ ಸಂಪತ್ತು ಬಂದದ್ದಲ್ಲ. ಸಂಪತ್ತು ಇದ್ದುದರಿಂದ ಎರಡನೆಯ, ಮೂರನೆಯ ಕವಚಗಳು ಆದವು. ರೋಲ್ಡ್ ಡಾಲ್ ಅವರು 1964ರಲ್ಲಿ ಮಕ್ಕಳಿಗಾಗಿ ಬರೆದ ಚಾಕಲೇಟು ಕಾರಖಾನೆಯ ಕಥೆಯಲ್ಲಿ ವಿಲ್ಲಿ ವೊಂಕಾ ಎಂಬ ವಿಲಕ್ಷಣ ಧಣಿಯಿದ್ದಾನೆ. ಕರಗದ ಐಸ್‌ಕ್ರೀಮಿನಂತಹ ಅವನ ಶೋಧಗಳನ್ನು ಪ್ರತಿಸ್ಪರ್ಧಿಗಳ ಗೂಢಚಾರರು ಕದಿಯತೊಡಗಿದಾಗ ಆತ ಮಾಡಿದ್ದೇನು? ಇದ್ದ ಕೆಲಸಗಾರರೆಲ್ಲರನ್ನೂ ಮನೆಗೆ ಕಳುಹಿಸಿ, ಬಾಗಿಲು ಹಾಕಿ, ದೂರದ ನಾಡಿನಿಂದ ತಂದ ಪುಟ್ಟ ಜನರಿಗೆ ಕೋಕೋ ಬೀಜವನ್ನೇ ಕೂಲಿಯಾಗಿ ಕೊಟ್ಟು ದುಡಿಸಿದನು. ಇದನ್ನು ಓದಿ ಮಕ್ಕಳು ನಗುತ್ತಾರೆ. ಗಿರಣಿ ಕಾರ್ಮಿಕರ ಮನೆಯಿಂದ ಬಂದ ನನಗೆ ಆ ಪುಟದಲ್ಲಿ ನಗು ಬರಲಿಲ್ಲ.

ಇದಕ್ಕೆ ತೀರ ಬೇರೆಯಾದವನು ನಮ್ಮ ದೇಶದವನೇ ಆದ ಪ್ರೊಫೆಸರ್ ಶೊಂಕು. ಸತ್ಯಜಿತ್ ರಾಯ್ ಅವರು 1961ರಲ್ಲಿ ‘ಸಂದೇಶ್’ ಎಂಬ ಬಂಗಾಳಿ ಮಕ್ಕಳ ಪತ್ರಿಕೆಯಲ್ಲಿ ಸೃಷ್ಟಿಸಿದ ಈ ಶೋಧಕ ಗಿರಿಡೀಹ್‌ನಲ್ಲಿ ಬೆಕ್ಕೊಂದನ್ನು ಸಾಕಿಕೊಂಡು ಸರಳವಾಗಿ ಬಾಳುತ್ತಾನೆ. ಸರ್ವರೋಗಗಳನ್ನೂ ಗುಣಪಡಿಸುವ ಗುಳಿಗೆ ಅವನ ಜೇಬಿನಲ್ಲಿದೆ. ಆದರೂ ಆತ ಕೋಟ್ಯಧೀಶನಲ್ಲ. ಅವನ ಶೋಧಗಳು ಅವನ ಕೈಯಿಂದಲೇ ಆಗಬೇಕು, ಕಾರಖಾನೆಯಲ್ಲಿ ಆಗಲಾರವು ಎಂದು ರಾಯ್ ಜಾಣತನದಿಂದ ಏರ್ಪಡಿಸಿದ್ದಾರೆ. ಕಾರಖಾನೆ ಬೇಡವೆಂದಾದಾಗ ಬಂಡವಾಳಗಾರನೂ ಬೇಡ, ವಕೀಲನೂ ಬೇಡ.

ಬೇಕೆಂದಾದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಸ್ವತಃ ಕೈ ಸುಟ್ಟುಕೊಂಡ ಲೇಖಕರ ಬಳಿಗೆ ಹೋಗಬೇಕು. ಅಮೆರಿಕದ ಮಾರ್ಕ್ ಟ್ವೈನ್ 1889ರಲ್ಲಿ ಪ್ರಕಟಿಸಿದ ಕಾದಂಬರಿಯೊಂದರಲ್ಲಿ ಹ್ಯಾಂಕ್ ಮಾರ್ಗನ್ ಎಂಬ ಯಂತ್ರಜ್ಞ ತಲೆಗೆ ಪೆಟ್ಟು ಬಿದ್ದು ಆರನೆಯ ಶತಮಾನದ ಆರ್ಥರ್ ದೊರೆಯ ಆಸ್ಥಾನದಲ್ಲಿ ಎಚ್ಚರಗೊಳ್ಳುತ್ತಾನೆ. ರಾಜ್ಯದ ಆದಾಯ ಎಷ್ಟು ಹೆಚ್ಚಿತೋ ಅದರಲ್ಲಿ ನೂರಕ್ಕೆ ಒಂದು ಪಾಲು ತನ್ನದೆಂದು ಆತ ದೊರೆಯೊಡನೆ ಕರಾರು ಮಾಡಿಕೊಳ್ಳುತ್ತಾನೆ. ಅಧಿಕಾರಕ್ಕೆ ಬಂದೊಡನೆ ಆತ ತೆರೆಯುವ ಮೊದಲ ಕಚೇರಿ ಪೇಟೆಂಟ್ ಕಚೇರಿ. ಕಂಬದ ಮೇಲೆ ನಿಂತು ಹಗಲಿರುಳು ಬಾಗಿ ಬಾಗಿ ನಮಸ್ಕರಿಸುತ್ತಿದ್ದ ತಪಸ್ವಿಯೊಬ್ಬನಿಗೆ ಹಗ್ಗ ಕಟ್ಟಿ, ಆ ಚಲನೆಯಿಂದ ಹೊಲಿಗೆ ಯಂತ್ರ ನಡೆಸಿ, ಅಂಗಿ ಹೊಲಿಸಿ ಮಾರುತ್ತಾನೆ! ಇಷ್ಟೆಲ್ಲ ವ್ಯವಹಾರಜ್ಞಾನವನ್ನು ಪಾತ್ರಕ್ಕೆ ಕೊಟ್ಟ ಟ್ವೈನ್ ಅದೇ ವರ್ಷಗಳಲ್ಲಿ ಜೇಮ್ಸ್ ಪೇಜ್ ಎಂಬವನ ಅಚ್ಚುಮೊಳೆ ಜೋಡಿಸುವ ಯಂತ್ರಕ್ಕೆ ತನ್ನ ದುಡಿಮೆಯನ್ನೆಲ್ಲ ಸುರಿಯುತ್ತಿದ್ದನು. ಯಂತ್ರ ಅದ್ಭುತವಾಗಿತ್ತು, ಆದರೆ ಪದೇ ಪದೇ ಕೆಡುತ್ತಿತ್ತು; ಅಷ್ಟರಲ್ಲಿ ಲೈನೊಟೈಪ್ ಎಂಬ ಬೇರೆ ಯಂತ್ರ ಪೇಟೆಯನ್ನು ಗೆದ್ದಿತು. 1894ರಲ್ಲಿ ಟ್ವೈನ್ ದಿವಾಳಿಯಾದನು. ಸಾಲ ತೀರಿಸಲೆಂದು ಜಗತ್ತನ್ನು ಸುತ್ತಿ ಉಪನ್ಯಾಸ ಮಾಡಿದನು. 1896ರಲ್ಲಿ ಆತ ಹಿಂದುಸ್ತಾನಕ್ಕೆ ಬಂದದ್ದು ಆ ಪ್ರವಾಸದಲ್ಲಿಯೇ.

ಇವರೆಲ್ಲರಿಗಿಂತ ಹೆಚ್ಚಾಗಿ ನಾನು ಬೆಲೆ ಕೊಡುವುದು ಫ್ರಾನ್ಸಿನ ಬಾಲ್ಜಾಕನ ಕಾದಂಬರಿಗೆ. ‘ಕಳೆದುಹೋದ ಭ್ರಮೆಗಳು’ ಎಂದು ಅರ್ಥ ಬರುವ ಹೆಸರಿನ ಆ ಕೃತಿ 1837ರಿಂದ 1843ರವರೆಗೆ ಮೂರು ಭಾಗಗಳಲ್ಲಿ ಹೊರಬಂದಿತು. ಅದರಲ್ಲಿ ದಾವೀದ್ ಸೆಷಾರ್ ಎಂಬ ಮುದ್ರಕನಿದ್ದಾನೆ. ಅವನ ಜಿಪುಣ ತಂದೆ ತನ್ನ ಹಳೆಯ ಮುದ್ರಣಾಲಯವನ್ನು ಸ್ವಂತ ಮಗನಿಗೇ ದುಬಾರಿ ಬೆಲೆಗೆ ಮಾರಿರುತ್ತಾನೆ. ಆ ಕಾಲದಲ್ಲಿ ಕಾಗದವಾಗುತ್ತಿದ್ದುದು ಹಳೆಯ ಬಟ್ಟೆಯ ಚಿಂದಿಯಿಂದ. ಓದುವವರು ಹೆಚ್ಚಾದಂತೆ ಚಿಂದಿ ಸಾಲದಾಗುವುದೆಂದು ಮನಗಂಡ ದಾವೀದನು ಹುಲ್ಲು, ಸಸ್ಯಗಳ ನಾರಿನಿಂದ ಅಗ್ಗದ ಕಾಗದ ಮಾಡುವ ವಿಧಾನಕ್ಕಾಗಿ ಹಗಲಿರುಳು ಶ್ರಮಿಸುತ್ತಾನೆ. ಅಂಗಡಿಯ ಲೆಕ್ಕವನ್ನೆಲ್ಲ ಹೆಂಡತಿ ಈವ್ ನೋಡಿಕೊಳ್ಳುತ್ತಾಳೆ. ಎದುರಿನಲ್ಲಿಯೇ ಕ್ವಾಂತೆ ಸಹೋದರರೆಂಬ ಅನುಕೂಲಸ್ಥ ಮುದ್ರಕರಿದ್ದಾರೆ.

ಮುಂದೆ ನಡೆಯುವುದನ್ನು ಬಾಲ್ಜಾಕನು ನಿಧಾನವಾಗಿ, ಒಬ್ಬ ಗುಮಾಸ್ತನ ನಿಷ್ಠೆಯಿಂದ ಬರೆದಿದ್ದಾನೆ. ಪ್ಯಾರಿಸಿಗೆ ಹೋಗಿ ಕೆಟ್ಟ ಭಾವಮೈದುನನು ದಾವೀದನ ಸಹಿಯನ್ನು ತಾನೇ ಹಾಕಿ ಮೂರು ಸಾವಿರ ಫ್ರಾಂಕುಗಳ ಹುಂಡಿ ಬರೆಯುತ್ತಾನೆ. ಹುಂಡಿ ಊರಿಗೆ ಮರಳಿ ಬರುವಷ್ಟರಲ್ಲಿ ಅದರ ಮೇಲೆ ದಳ್ಳಾಳಿ, ಅಂಚೆ, ನೋಟೀಸು, ಕೋರ್ಟು ಖರ್ಚುಗಳೆಲ್ಲ ಸೇರಿರುತ್ತವೆ. ಕಾದಂಬರಿಯೊಳಗೆ ಆ ಲೆಕ್ಕದ ಪಟ್ಟಿಯೇ ಅಚ್ಚಾಗಿದೆ. ಸಾಲವೊಂದು ಹೇಗೆ ಮರಿ ಹಾಕುತ್ತದೆ ಎಂಬುದನ್ನು ಅಷ್ಟು ವಿವರವಾಗಿ ಹೇಳಿದ ಇನ್ನೊಂದು ಕಥೆಯನ್ನು ನಾನು ಓದಿಲ್ಲ. ದಾವೀದನ ಕೈಕೆಳಗೆ ಕೆಲಸ ಕಲಿತ ಹುಡುಗನೇ ಶತ್ರುಪಕ್ಷ ಸೇರುತ್ತಾನೆ. ಅವನ ಪರ ನಿಂತ ವಕೀಲನು ಒಳಗೊಳಗೆ ಕ್ವಾಂತೆಗಳ ಮನುಷ್ಯ. ಶೋಧ ಸಿದ್ಧಿಸುವ ಹೊತ್ತಿಗೆ ಶೋಧಕನು ಸಾಲಗಾರರ ಸೆರೆಮನೆಯಲ್ಲಿರುತ್ತಾನೆ. ಬಿಡುಗಡೆಯ ಬೆಲೆಯಾಗಿ ಕರಾರಿಗೆ ಸಹಿ ಮಾಡುತ್ತಾನೆ. ಕಡೆಗೆ ಅಲ್ಪ ಮೊತ್ತಕ್ಕೆ ತನ್ನ ಹಕ್ಕನ್ನೆಲ್ಲ ಬಿಟ್ಟುಕೊಡುತ್ತಾನೆ. ಕ್ವಾಂತೆಗಳು ಅಗ್ಗದ ಕಾಗದದಿಂದ ಕುಬೇರರಾಗುತ್ತಾರೆ. ದಾವೀದನು ತಂದೆಯ ಆಸ್ತಿ ಕೈಗೆ ಬಂದ ಮೇಲೆ ಹಳ್ಳಿಯಲ್ಲಿ ನೆಮ್ಮದಿಯಾಗಿ ಇದ್ದು, ಕೀಟಗಳ ಅಭ್ಯಾಸ ಮಾಡುತ್ತ ಕಾಲ ಕಳೆಯುತ್ತಾನೆ.

ಬಾಲ್ಜಾಕನಿಗೆ ಇಷ್ಟು ಸೂಕ್ಷ್ಮವಾಗಿ ತಿಳಿದದ್ದು ಹೇಗೆಂದರೆ, ಆತ 1826ರಲ್ಲಿ ಸ್ವತಃ ಮುದ್ರಣಾಲಯ ಕೊಂಡು 1828ರಲ್ಲಿ ಭಾರಿ ಸಾಲದೊಡನೆ ಹೊರಬಂದವನು. ಇದಕ್ಕಿಂತಲೂ ಆಶ್ಚರ್ಯದ ಸಂಗತಿ ಇನ್ನೊಂದಿದೆ. ಕಾದಂಬರಿ ಮುಗಿದ ಸುಮಾರಿಗೆ ಜರ್ಮನಿಯ ಸ್ಯಾಕ್ಸನಿಯಲ್ಲಿ ಕೆಲ್ಲರ್ ಎಂಬ ನಿಜವಾದ ಮನುಷ್ಯ, ಅದೂ ನೇಕಾರ ವೃತ್ತಿಯವನು, ಮರವನ್ನು ಅರೆದು ಕಾಗದದ ತಿರುಳು ಮಾಡುವ ವಿಧಾನ ಕಂಡುಹಿಡಿದನು. ಕೈಯಲ್ಲಿ ಹಣವಿಲ್ಲದೆ ಫೆಲ್ಟರ್ ಎಂಬ ಕಾಗದದ ಗಿರಣಿಯವನನ್ನು 1846ರಲ್ಲಿ ಪಾಲುದಾರನಾಗಿ ಮಾಡಿಕೊಂಡನು. 1852ರಲ್ಲಿ ಪೇಟೆಂಟ್ ನವೀಕರಿಸುವಾಗ ಕೆಲ್ಲರ್ ತನ್ನ ಪಾಲಿನ ಶುಲ್ಕ ಕಟ್ಟಲಾರದೆ ಹೋದನು. ಆ ಮೇಲಿನ ಲಾಭವೆಲ್ಲ ಫೆಲ್ಟರನದಾಯಿತು. ನಮ್ಮ ಕೈಗೆ ಬರುವ ಅಗ್ಗದ ವೃತ್ತಪತ್ರಿಕೆಯ ಮೂಲ ಈ ಬಡವನ ಶೋಧದಲ್ಲಿದೆ.

ಇಂಗ್ಲೆಂಡಿನ ಡಿಕನ್ಸ್ ಬಂಡವಾಳಗಾರನಿಗಿಂತ ಸರಕಾರಿ ಕಚೇರಿಯ ಮೇಲೆ ಹೆಚ್ಚು ಸಿಟ್ಟಾಗಿದ್ದನು. 1850ರಲ್ಲಿ ಬರೆದ ಸಣ್ಣ ಲೇಖನವೊಂದರಲ್ಲಿ ಜಾನ್ ಎಂಬ ಮುದಿ ಕಮ್ಮಾರ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆಯಲು 35 ಹಂತಗಳನ್ನು ಹತ್ತಿ 96 ಪೌಂಡು 7 ಶಿಲಿಂಗು 8 ಪೆನ್ಸು ಕಳೆಯುತ್ತಾನೆ. ಇಂಗ್ಲೆಂಡಿನ ಪೇಟೆಂಟ್ ಕಾನೂನು 1852ರಲ್ಲಿ ಸುಧಾರಿಸಿತು. ಆದರೂ ಡಿಕನ್ಸನ ಸಿಟ್ಟು ಇಳಿಯಲಿಲ್ಲ. 1855–57ರ ‘ಲಿಟ್ಲ್ ಡಾರಿಟ್’ ಕಾದಂಬರಿಯ ಡ್ಯಾನಿಯಲ್ ಡಾಯ್ಸ್ ಹನ್ನೆರಡು ವರ್ಷ ಕಚೇರಿಯಿಂದ ಕಚೇರಿಗೆ ಅಲೆದು, ಅಪರಾಧಿಯಂತೆ ನಡೆಸಿಕೊಳ್ಳಲ್ಪಡುತ್ತಾನೆ. ಕೊನೆಗೆ ಆತ ಏಳಿಗೆ ಕಾಣುತ್ತಾನೆ, ಆದರೆ ಪರದೇಶದಲ್ಲಿ. ಡಾಯ್ಸ್‌ನ ಶೋಧ ಏನೆಂಬುದನ್ನು ಡಿಕನ್ಸ್ ಎಲ್ಲಿಯೂ ಹೇಳುವುದೇ ಇಲ್ಲ. ಅದು ಉದ್ದೇಶಪೂರ್ವಕವೆಂದೇ ನನ್ನ ಎಣಿಕೆ.

ಹಾಗಾದರೆ ಕಾದಂಬರಿಗಳಲ್ಲಿ ಸ್ವಂತ ಶೋಧದಿಂದ ಬೇಗ ಶ್ರೀಮಂತರಾದವರು ಯಾರೂ ಇಲ್ಲವೇ? ಇದ್ದಾರೆ. ಎಚ್. ಜಿ. ವೆಲ್ಸ್ 1909ರಲ್ಲಿ ಹೊರತಂದ ‘ಟೋನೋ-ಬಂಗೇ’ ಎಂಬ ಕಾದಂಬರಿಯ ಔಷಧ ವ್ಯಾಪಾರಿ ಪಾಂಡರೆವೊ ಅಂಥವನು. ಯಾವ ರೋಗಕ್ಕೂ ನಿಜವಾಗಿ ತಾಗದ ಟಾನಿಕ್ಕೊಂದನ್ನು ಜಾಹೀರಾತಿನ ಬಲದಿಂದ ದೇಶಕ್ಕೆಲ್ಲ ಕುಡಿಸಿ ಆತ ಅರಮನೆ ಕಟ್ಟಲಾರಂಭಿಸುತ್ತಾನೆ. ಅದು ಮುಗಿಯುವ ಮೊದಲೇ ಅವನ ವ್ಯವಹಾರ ಕುಸಿಯುತ್ತದೆ. ಒಳ್ಳೆಯ ಕಾಗದ ಕಂಡುಹಿಡಿದವನು ಸೆರೆಮನೆಗೆ, ನೀರಿಗೆ ಬಣ್ಣ ಬೆರೆಸಿದವನು ಅರಮನೆಗೆ! ಮಾರುವ ವಿದ್ಯೆ ಬೇರೆಯೇ ಒಂದು ವಿದ್ಯೆಯೆಂಬುದು ವೆಲ್ಸ್‌ಗೆ ಚೆನ್ನಾಗಿ ಗೊತ್ತಿತ್ತು.

ನಮ್ಮ ಊರಿನವರು ಅವಶ್ಯವಾಗಿ ನೋಡಬೇಕಾದ ಚಿತ್ರವೊಂದಿದೆ. 1951ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ‘ದಿ ಮ್ಯಾನ್ ಇನ್ ದಿ ವೈಟ್ ಸೂಟ್’. ಅಲೆಕ್ ಗಿನ್ನೆಸ್ ಅಭಿನಯಿಸಿದ ಸಿಡ್ನಿ ಸ್ಟ್ರಾಟನ್ ಎಂಬ ತರುಣ ಬಟ್ಟೆ ಗಿರಣಿಯ ಪ್ರಯೋಗಶಾಲೆಯಲ್ಲಿ ಎಂದೂ ಹರಿಯದ, ಎಂದೂ ಕೊಳೆಯಾಗದ ನೂಲನ್ನು ಕಂಡುಹಿಡಿಯುತ್ತಾನೆ. ಜಗತ್ತು ತನ್ನನ್ನು ಹೊತ್ತು ಮೆರೆಸುವುದೆಂದು ಅವನ ನಂಬಿಕೆ. ಆದರೆ ಒಮ್ಮೆ ಕೊಂಡ ಬಟ್ಟೆ ಹರಿಯದಿದ್ದರೆ ಗಿರಣಿ ನಡೆಯುವುದೆಂತು? ಧಣಿಗಳು ಹಣ ಕೊಟ್ಟು ಆ ಶೋಧವನ್ನು ಹೂತುಹಾಕಲು ನೋಡುತ್ತಾರೆ. ಕಾರ್ಮಿಕರೂ ಅವನನ್ನು ಅಟ್ಟಿಸಿಕೊಂಡು ಹೋಗುತ್ತಾರೆ. ಬಟ್ಟೆ ಒಗೆದು ಹೊಟ್ಟೆ ಹೊರೆಯುವ ಮುದುಕಿಯೊಬ್ಬಳು, ಇನ್ನು ನನ್ನ ಪಾಡೇನು ಎಂದು ಅವನನ್ನು ಕೇಳುತ್ತಾಳೆ, ಅವನಲ್ಲಿ ಉತ್ತರವಿಲ್ಲ. ಗಿರಣಿಯ ಭೋಂಗಾ ಕೇಳಿ ಎದ್ದು, ಗಿರಣಿ ಮುಚ್ಚಿದ ಮೇಲಿನ ದಿನಗಳನ್ನೂ ಕಂಡ ಮನೆಗಳು ನಮ್ಮಲ್ಲಿ ಬಹಳ. ಆ ಮುದುಕಿಯ ಪ್ರಶ್ನೆ ಅಂತಹವರಿಗೆ ಬಿಡಿಸಿ ಹೇಳಬೇಕಾದುದಲ್ಲ.

ಇಷ್ಟನ್ನು ಬರೆಯಲು ಇನ್ನೊಂದು ಕಾರಣವೂ ಉಂಟು. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ಚಾದರ ನೇಯುವ ಜಕಾರ್ಡ್ ಮಗ್ಗಕ್ಕೆ ಬೇಕಾದ ರಟ್ಟುಗಳಲ್ಲಿ ಬೇಗ ತೂತು ಹೊಡೆಯುವ ಸಣ್ಣ ಸಾಧನವನ್ನು ಹಲವು ವರ್ಷಗಳ ಹಿಂದೆ ತಯಾರಿಸಿದ್ದನು. ಸಂತೋಷದಿಂದ ಬಂದವರಿಗೆಲ್ಲ ಬಿಚ್ಚಿ ತೋರಿಸಿದನು. ಎರಡು ತಿಂಗಳೊಳಗೆ ಓಣಿ ಓಣಿಯಲ್ಲಿಯೂ ಅದೇ ಸಾಧನ. ಅವನಿಗೆ ದೊರೆತದ್ದು ಬೆನ್ನು ತಟ್ಟಿದ ಕೈಗಳು ಮಾತ್ರ. ಅಂತಹ ಕೈಗುಣವುಳ್ಳ ಮಕ್ಕಳು ಇಂದಿಗೂ ನಮ್ಮಲ್ಲಿದ್ದಾರೆ. ಅವರ ತಂದೆತಾಯಿಗಳು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಭಾರತದ ಪೇಟೆಂಟ್ ಕಾಯಿದೆ 1970ರದು. ಅದಕ್ಕೆ ಮುಂದೆ ತಿದ್ದುಪಡಿಗಳಾಗಿವೆ. ಹಕ್ಕಿನ ಅವಧಿ ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷ. ನಮ್ಮ ಭಾಗದವರಿಗೆ ಸಂಬಂಧಿಸಿದ ಕಚೇರಿ ಮುಂಬಯಿಯಲ್ಲಿದೆ. ಅರ್ಜಿ ಹಾಕುವ ಮೊದಲೇ ಶೋಧವನ್ನು ಊರಿಗೆಲ್ಲ ತೋರಿಸಿದರೆ ಅದು ಹೊಸದೆಂಬ ಆಧಾರವೇ ತಪ್ಪುವ ಅಪಾಯವಿದೆ. ಆದುದರಿಂದ ಮೊದಲು ಅರ್ಜಿ, ಆಮೇಲೆ ಪ್ರದರ್ಶನ. ಪಾಲುದಾರನೊಡನೆ ಕರಾರು ಬರವಣಿಗೆಯಲ್ಲಿರಬೇಕು, ಸಹಿ ಮಾಡುವ ಮುನ್ನ ಅದನ್ನು ತಮ್ಮದೇ ವಕೀಲರಿಗೆ ತೋರಿಸಿರಬೇಕು. ಪೇಟೆಂಟ್ ದೊರೆತ ಮೇಲೂ ಮೂರನೆಯ ವರ್ಷದಿಂದ ಆರಂಭವಾಗುವ ನವೀಕರಣ ಶುಲ್ಕವನ್ನು ವರ್ಷ ವರ್ಷವೂ ತಪ್ಪದೆ ಕಟ್ಟುತ್ತಿರಬೇಕು. ಸ್ಯಾಕ್ಸನಿಯ ನೇಕಾರನು ಸೋತದ್ದು ಈ ಹಂತದಲ್ಲಿಯೇ.